ಗಂಗಾಳ ಎದೆಯ ಗುಳಿ

ಶರಣಮ್ಮಾ, ಡಾಕ್ಟರ್ ಹೇಳಿದರೆಂದು ನಾನು ನಿನಗೆ ಹೇಳಿದ್ದು ಸುಳ್ಳು. ಗಂಗಾಳ ಎದೆಯ ಗುಳಿಯನ್ನೂ ಅದೇ ಆಪರೇಷನ್ನಿನಲ್ಲಿ ಸರಿಮಾಡಿ ಎಂದು ಕೇಳಿದವನು ನಾನು.

ನಮ್ಮ ಮಗಳಿಗೆ ಹುಟ್ಟಿನಿಂದಲೇ ಎರಡು ಊನಗಳಿದ್ದವು. ಒಂದು ಕಣ್ಣಿಗೆ ಕಾಣುತ್ತಿತ್ತು — ಎದೆಯ ನಡುವೆ ಒಳಕ್ಕೆ ಕುಸಿದ ಎಲುಬು. ಇನ್ನೊಂದು ಒಳಗಿತ್ತು. ಎದೆಗೂ ಹೊಟ್ಟೆಗೂ ನಡುವಿನ ಪೊರೆಯಲ್ಲಿ ತೂತು. ಅದರಿಂದ ಕರುಳು ಮೇಲೇರಿ ಶ್ವಾಸಕೋಶವನ್ನು ಒತ್ತುತ್ತಿತ್ತು. ಅವಳು ಏದುಸಿರು ಬಿಡುತ್ತಿದ್ದುದು ಅದಕ್ಕೇ. ಕಾಣದ ಊನಕ್ಕಾಗಿ ನಾವು ಆಸ್ಪತ್ರೆಗೆ ಹೋದೆವು. ನನ್ನನ್ನು ತಿನ್ನುತ್ತಿದ್ದುದು ಕಾಣುವ ಊನ.

ನಿನಗೆ ನೆನಪಿದೆಯಲ್ಲ — ಸ್ನಾನದ ಹೊತ್ತಿಗೆ ಆ ಗುಳಿಯಲ್ಲಿ ನೀರು ನಿಲ್ಲಿಸಿಕೊಂಡು, ಅಲುಗಾಡದೆ ಮಲಗಿ, "ಅವ್ವಾ, ನನ್ನ ಬಾವಿ ತುಂಬೈತಿ ನೋಡು" ಎನ್ನುತ್ತಿದ್ದಳು. ನೀವಿಬ್ಬರೂ ನಗುತ್ತಿದ್ದಿರಿ. ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಸಿಕಂದರಾಬಾದಿನ ಬದಿಯ ಮಲ್ಕಾಜ್‌ಗಿರಿಯಲ್ಲಿ ನಮ್ಮ ಮನೆ, ಬೇಗಂಪೇಟೆಯ ಕಂಪ್ಯೂಟರ್ ಕಂಪನಿಯಲ್ಲಿ ಎಸಿ ನೋಡಿಕೊಳ್ಳುವ ಕೆಲಸ ನನ್ನದು. ಕಂಪನಿಯವರು ಎಲ್ಲರ ಮನೆಮಂದಿಯನ್ನೂ ರೆಸಾರ್ಟಿಗೆ ಕರೆದೊಯ್ದ ದಿನ ಗಂಗಾ ಫ್ರಾಕ್ ಕಳಚಿ ಈಜುಕೊಳಕ್ಕಿಳಿದಳು. ಸುತ್ತಲಿನವರು ನೋಡಿದರು, ಆಮೇಲೆ ನೋಡದವರಂತೆ ಮುಖ ತಿರುಗಿಸಿದರು. ನಾನು ಓಡಿಹೋಗಿ ಟವೆಲ್ ಸುತ್ತಿದೆ.

"ಯಾಕ್ರಿ ಅಪ್ಪಾ? ನನಗೇನ್ ಥಂಡಿ ಹತ್ತಿಲ್ಲ," ಅಂದಳು.

ಆಗ ನಿನಗೆ ತೆಲುಗು ಬರುತ್ತಿರಲಿಲ್ಲ. ಡಾಕ್ಟರ್ ಮಾತು ನಿನಗೆ ತಲುಪುತ್ತಿದ್ದುದು ನನ್ನ ಬಾಯಿಂದ. ಅವರು ಹೇಳಿದ್ದು ಇಷ್ಟು: ಈಗ ತೂತು ಮುಚ್ಚೋಣ, ಎಲುಬಿನದ್ದು ದೊಡ್ಡವಳಾದ ಮೇಲೆ ನೋಡೋಣ, ಅವಸರವಿಲ್ಲ. ಒಂದೇ ಸಲಕ್ಕೆ ಆಗದೇ ಎಂದು ನಾನು ಕೇಳಿದೆ. ಆಗುತ್ತದೆ, ಆದರೆ ಕೂಸಿಗೆ ಭಾರ ಹೆಚ್ಚು, ತಾಯಿಯನ್ನೂ ಕೇಳಿ ಹೇಳಿ ಅಂದರು. ನೀನು ಪಕ್ಕದಲ್ಲೇ ಕೂತಿದ್ದೆ.

"ಏನಂತಾರ್ರಿ?"

"ಎರಡೂ ಕೂಡೇ ಮಾಡಬೇಕಂತ. ಇಲ್ಲಂದ್ರ ಮುಂದ ಕೂಸಿಗೆ ಭಾಳ ತ್ರಾಸಂತ."

ನೀನು ತಲೆಯಾಡಿಸಿದೆ. ತಾಯಿಯೂ ಒಪ್ಪಿದ್ದಾಳೆ ಎಂದು ನಾನು ಡಾಕ್ಟರಿಗೆ ಹೇಳಿದೆ.

ಆಪರೇಷನ್ ಬಹಳ ಹೊತ್ತು ನಡೆಯಿತು. ಆಮೇಲೆ ಗಂಗಾ ತಾನಾಗಿ ಉಸಿರಾಡಲೇ ಇಲ್ಲ. ಬರೀ ತೂತು ಮುಚ್ಚಿದ್ದರೆ ಬದುಕುತ್ತಿದ್ದಳೋ ಏನೋ — ಕೇಳುವ ಧೈರ್ಯ ನನಗೆ ಬರಲಿಲ್ಲ. ಮನೆಗೆ ತಂದು ನೀನು ಕೊನೆಯ ಸ್ನಾನ ಮಾಡಿಸಿದೆ. ಅವಳ ಎದೆ ಸಪಾಟಾಗಿತ್ತು. ನೀರು ಎಲ್ಲೂ ನಿಲ್ಲಲಿಲ್ಲ.

ಇವತ್ತಿಗೂ ಸಿಕಂದರಾಬಾದಿನ ಬಸ್ಸು ಆ ಆಸ್ಪತ್ರೆಯ ಮುಂದೆ ಹಾಯುವಾಗ ನೀನು ಡಾಕ್ಟರನ್ನು ಬೈಯುತ್ತೀ — "ಅವನ ಕೈಯಾಗ ಹುಳ ಬೀಳ್ಲಿ. ಒಂದ ಸಾಕಾಗಲಿಲ್ಲೇನು ಅವಗ?" ನಿನ್ನ ಪಕ್ಕದಲ್ಲಿ ಕೂತು ನಾನು "ಬಿಡು, ಬಿಡು" ಎನ್ನುತ್ತ ಬಂದಿದ್ದೇನೆ.

ಎಲುಬಿನದ್ದು ಈಗಲೇ ಬೇಡವೆಂದೇ ಅವರು ಹೇಳಿದ್ದರು, ಶರಣಮ್ಮಾ. ಇನ್ನು ಶಪಿಸುವಾಗ ನನ್ನ ಹೆಸರು ಹಿಡಿದು ಶಪಿಸು.