ನೆಗ್ಗಿಲು ಹುಟ್ಟದ ಅಂಗಳ

ಮೊನ್ನೆ, ಮೊದಲ ಮಳೆಗೆ ಮುಂಚೆ, ನಮ್ಮ ಕಾಂಪೌಂಡಿನಾಚೆ ಯಾರೋ ಕಸದ ಎಣ್ಣೆ ಹೊಡೆಯುತ್ತಿದ್ದರು. ಕಳೆ ಹುಟ್ಟದಂತೆ ಮಣ್ಣಿಗೆ ಹೊಡೆಯುವ ಔಷಧಿಗೆ ನಮ್ಮ ಕಡೆ ಹಾಗೇ ಹೆಸರು. ಆ ಘಾಟು ಕಿಟಕಿಯಿಂದ ಬಂದದ್ದೇ ತಡ, ಪಕ್ಕದ ಮನೆಯ ಚಾಚಾ ನೆನಪಾದರು... ಒಲೆಯ ಮೇಲಿನ ಚಹಾ ಉಕ್ಕಿ ಹೋದದ್ದೂ ತಿಳಿಯಲಿಲ್ಲ.

ಜೇವರ್ಗಿಯ ನಮ್ಮ ಓಣಿಯಲ್ಲಿ ಮನೆ ಮುಂದೆ ಲಾನ್ ಮಾಡಿಸಿದವರು ಅವರೊಬ್ಬರೇ. ಬಸ್ ಓಡಿಸಿ ನಿವೃತ್ತರಾದವರಿಗೆ ಇದೆಂಥ ಶೋಕಿ ಎಂದು ನಾವೆಲ್ಲ ನಕ್ಕೆವು. ಅದು ಶೋಕಿಯಾಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಚಾಚಿಯ ಪಾದಗಳು ಜೋಮು ಹಿಡಿದಿದ್ದವು. ಚಪ್ಪಲಿ ಜಾರಿ ಹೋದರೂ ಗೊತ್ತಾಗದೆ ಬರಿಗಾಲಲ್ಲೇ ನಡೆದುಬಿಡುತ್ತಿದ್ದರು. ಹಾಗೊಮ್ಮೆ ಅಂಗಳದ ನೆಗ್ಗಿಲು ಕಳೆಯ ಮುಳ್ಳುಕಾಯಿ ಹೊಕ್ಕು, ಕೀವಾಗಿ, ಹೆಬ್ಬೆರಳನ್ನೇ ಕತ್ತರಿಸಬೇಕಾಯಿತು. ಇನ್ನೊಂದು ಗಾಯವಾದರೆ ಜೀವಕ್ಕೇ ಕುತ್ತು ಎಂದಿದ್ದರು ಡಾಕ್ಟರು. ಆಮೇಲೆಯೇ ಚಾಚಾ ಅಂಗಳದ ತುಂಬ ಗರಿಕೆ ಹಾಕಿಸಿದ್ದು.

ಪ್ರತಿ ವರ್ಷ ಮಳೆಗೆ ಮುಂಚೆ ಪಂಪು ಬೆನ್ನಿಗೇರಿಸಿ ಎಣ್ಣೆ ಹೊಡೆದು, ಮೇಲೆ ತೆಳ್ಳಗೆ ನೀರು ಬಿಡುತ್ತಿದ್ದರು. ಒಂದು ಕಳೆಯೂ ಕಾಣದ ನೆಲಕ್ಕೆ ಇಷ್ಟು ರಂಪವೇ ಎನಿಸಿ, "ಉಗುರಿಲೆ ಹೋಗೂದಕ್ಕ ಕೊಡಲಿ ಯಾಕ್ರಿ ಚಾಚಾ?" ಎಂದು ಕೆಣಕಿದ್ದೆ.

"ಕಂಡ ಮ್ಯಾಲ ಕಿತ್ತರ ಏನ್ ಬಂತು ಬೇಟಾ? ಅಷ್ಟರಾಗ ಬೀಜ ಉದುರಿರ್ತಾವ. ಮಣ್ಣಾಗ ಕಣ್ಣು ಬಿಡೂಕಿಂತ ಮೊದಲ ಮುಗಿಸಬೇಕು."

ಯಾರೇ ಬಂದರೂ ಚಪ್ಪಲಿ ಗೇಟಿನಾಚೆಯೇ ಬಿಡಬೇಕು, ಅಟ್ಟೆ ತಿರುವಿ ತೋರಿಸಬೇಕು. "ಬಸ್ಸಿನ ಟೈರ್ ಸುದ್ದಾ ಹಿಂಗ ನೋಡಿರ್ಲಿಕ್ಕಿಲ್ಲ ಇವರು" ಎಂದು ಚಾಚಿ ನಗುತ್ತಿದ್ದರು. ನಗುತ್ತಲೇ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿರ್ಭಯವಾಗಿ ಅಡ್ಡಾಡುತ್ತಿದ್ದರು...

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ಮಧ್ಯಾಹ್ನ ಚಾಚಾ ಕೊಳಕೂರಿನ ಬೀಗರ ಹೊಲ ನೋಡಿಕೊಂಡು ವಾಪಸಾದರು. ನಾನು ಮಾಳಿಗೆಯ ಮೇಲಿದ್ದೆ. ಅವರು ಗೇಟು ತೆರೆಯುವುದಕ್ಕೂ ಚಾಚಿ ಹುಲ್ಲಿನ ಮೇಲೆ ಮುಗ್ಗರಿಸಿ ಬೀಳುವುದಕ್ಕೂ ಸರಿಹೋಯಿತು. ಚಪ್ಪಲಿ ಬಿಡುವ ವ್ಯವಧಾನ ಎಲ್ಲಿಯದು? ಹಾಗೇ ಓಡಿಬಂದು ಎತ್ತಿದರು. ಬಿದ್ದದ್ದರಿಂದ ಏನೂ ಆಗಿರಲಿಲ್ಲ. ಇಬ್ಬರೂ ನಗುತ್ತ ಒಳಗೆ ಹೋದರು.

ಮುಂದಿನ ವಾರ ಚಾಚಿಗೆ ಚಳಿಜ್ವರ. ಕಲಬುರಗಿಯ ಆಸ್ಪತ್ರೆಯಲ್ಲಿ ಅಂಗಾಲಿನಿಂದ ನೆಗ್ಗಿಲು ಮುಳ್ಳು ತೆಗೆದರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಚಾಚಿ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಸಂಜೆ, ಚಾಚಾ ಹೊಲಕ್ಕೆ ಮೆಟ್ಟಿಕೊಂಡು ಹೋಗಿದ್ದ ಆ ಚಪ್ಪಲಿ ಹುಡುಕಿ ತಿರುವಿದರು. ಒಡೆದ ನೆಗ್ಗಿಲು ಕಾಯಿಯ ಉಳಿದ ಚೂರು ಅಟ್ಟೆಯಲ್ಲಿ ಇನ್ನೂ ನಾಟಿಕೊಂಡಿತ್ತು.

"ನಾನ ತಂದೇನಿ ಬೇಟಾ," ಎಂದರು.

ನಾನು ಆ ಚಪ್ಪಲಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಏನು ಹೇಳಿದ್ದರೂ ಸುಳ್ಳಾಗುತ್ತಿತ್ತು.

ಮರುವರ್ಷ ಅವರು ಎಣ್ಣೆ ಹೊಡೆಯಲಿಲ್ಲ. ನೆನಪಿಸಿದರೆ, "ಯಾರ ಕಾಲಿನ ಸಲುವಾಗಿ?" ಎಂದಷ್ಟೇ ಕೇಳಿದರು. ಅವರೂ ಬಹಳ ದಿನ ಇರಲಿಲ್ಲ...

ಈಗ ಅವರ ಮನೆಗೆ ಬೀಗ ಬಿದ್ದಿದೆ. ಹೋದ ವರ್ಷದ ನೆಗ್ಗಿಲು ಬಳ್ಳಿ ಒಣಗಿ ಗೇಟಿನವರೆಗೆ ಹಬ್ಬಿದೆ, ಬೀಜ ಮಳೆಗೆ ಕಾಯುತ್ತಿದೆ. ನಮ್ಮ ಮನೆಯಲ್ಲಿ ಎಲ್ಲರ ಕಾಲಿಗೂ ಮುಳ್ಳು ಚುಚ್ಚಿದರೆ ತಿಳಿಯುತ್ತದೆ. ಆದರೂ ನಾನು ಚಪ್ಪಲಿ ತಿರುವಿ ನೋಡದೆ ಹೊಸಿಲು ದಾಟಲಾರೆ.