ನವಸಾಗರ ಹಚ್ಚಿದ ಆಂಪ್ಲಿಫೈಯರ್

೧೯೮೮ರ ಜುಲೈ. ನಿಪ್ಪಾಣಿಯ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ರೇಡಿಯೋ ವಿಭಾಗದ ಬೋಧಕನಾಗಿ ನಾನು ಹನ್ನೊಂದು ವರ್ಷ ಕಳೆದಿದ್ದೆ. ಮನೆ ಚಿಕ್ಕೋಡಿಯಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬರಬೇಕು, ಸಂಜೆ ನಿಂತೇ ಹೋಗಬೇಕು. ನಡುವೆ ಇಪ್ಪತ್ತಾರು ವಿದ್ಯಾರ್ಥಿಗಳು, ಬೆಸುಗೆ ಹಾಕುವ ಒಂಬತ್ತು ಸೋಲ್ಡರಿಂಗ್ ಐರನ್, ತನ್ನ ಮನಸ್ಸು ಬಂದಾಗ ಬರುವ ಕರೆಂಟು. ಹೇಳಿದ್ದನ್ನೇ ಹೇಳಿ ಹೇಳಿ ಜೀವಕ್ಕೆ ಸಾಕಾಗಿತ್ತು. ಮೊದಲು ಹತ್ತು ವಾಕ್ಯಗಳಲ್ಲಿ ಬಿಡಿಸಿ ಹೇಳುತ್ತಿದ್ದ ಪಾಠವನ್ನು ಆ ವರ್ಷ ಒಂದು ವಾಕ್ಯದಲ್ಲಿ ಮುಗಿಸುತ್ತಿದ್ದೆ.

ಅಂತಿಮ ಪರೀಕ್ಷೆಗೆ ಪ್ರತಿಯೊಬ್ಬರೂ ಒಂದು ಆಂಪ್ಲಿಫೈಯರ್, ಅಂದರೆ ಸಣ್ಣ ಧ್ವನಿಯನ್ನು ದೊಡ್ಡದು ಮಾಡುವ ಸರ್ಕ್ಯೂಟ್, ತಯಾರಿಸಬೇಕಿತ್ತು. ತಾಮ್ರದ ಗೆರೆಗಳಿರುವ ಬೋರ್ಡಿನ ಮೇಲೆ ಬಿಡಿಭಾಗಗಳನ್ನು ಕೂರಿಸಿ, ಒಂದೊಂದು ಕಾಲನ್ನೂ ಕೈಯಾರೆ ಬೆಸೆಯಬೇಕು. ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರ ಮುಂದೆ ಅದು ದನಿ ಹೊರಡಿಸಬೇಕು. ಬೇರೆಯವರ ಕೈ ತಾಗಿದ್ದು ಗೊತ್ತಾದರೆ ಆ ವರ್ಷ ಅಲ್ಲಿಗೇ ಮುಗಿಯಿತು. ಇದು ವಿದ್ಯಾರ್ಥಿಯದೇ ಕೆಲಸ ಎಂದು ಸಹಿ ಹಾಕುವವನು ನಾನು.

ಆ ತಂಡದಲ್ಲಿದ್ದ ಒಬ್ಬಳೇ ಹುಡುಗಿ ಅಕ್ಕೋಳದ ಸುನಂದಾ. ಅವಳ ತಂದೆ ಬಸಪ್ಪ ಊರೂರು ತಿರುಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಮನೆಯಲ್ಲಿ ದೊಡ್ಡಪ್ಪ ಆಗಲೇ ಒಬ್ಬ ವರನನ್ನು ಗೊತ್ತು ಮಾಡಿ ಕುಳಿತಿದ್ದರು. ಪಾಸಾದರೆ ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ. ಫೇಲಾದರೆ ದೀಪಾವಳಿ ಮುಗಿಯುತ್ತಲೇ ಮದುವೆ. ಇದನ್ನು ಅವಳೇ ಒಮ್ಮೆ, ಹೆಚ್ಚಿನ ಅಭ್ಯಾಸಕ್ಕೆ ಐರನ್ ಕೇಳುವಾಗ, ತಲೆ ತಗ್ಗಿಸಿ ಹೇಳಿದ್ದಳು.

ಪರೀಕ್ಷೆ ಸೋಮವಾರ. ಹಿಂದಿನ ಶುಕ್ರವಾರ ಅವಳ ಬೋರ್ಡು ಚೆನ್ನಾಗಿಯೇ ಮಾತಾಡಿತು. ಆದರೆ ಬೆಸುಗೆಗಳು ಮಂಕಾಗಿದ್ದವು. ನಾನು ನಿಂತಲ್ಲಿಂದಲೇ ಗದರಿದೆ: “ಇದೇನು ಬೂದಿ ಬಡದಂಗ ಐತಿ? ಬೆಸಿಗಿ ಅಂದ್ರ ಬೆಳ್ಳಿಹಂಗ ಹೊಳೀಬೇಕು. ಸರಿ ಮಾಡ್ಕೊಂಡು ಬಾ.” ಐರನ್ ಸಾಕಷ್ಟು ಕಾದಿರಬೇಕು, ಬೆಸೆಯುವ ತವರದ ತಂತಿಯೊಳಗಿನ ರಾಳವೇ ಸಾಕು, ಮತ್ತೇನನ್ನೂ ಹಚ್ಚಬಾರದು ಎಂದೆಲ್ಲ ಹೇಳಬೇಕಿತ್ತು. ಹೇಳಲಿಲ್ಲ, ಬಸ್ಸಿನ ಹೊತ್ತಾಗಿತ್ತು. ವರ್ಕ್‌ಶಾಪಿನಲ್ಲಿ ಐರನ್ ಸಾಲದ್ದರಿಂದ ಬೋರ್ಡನ್ನು ಮನೆಗೆ ಒಯ್ಯಲು ಬಿಟ್ಟೆ. ಅದೂ ನಿಯಮಕ್ಕೆ ವಿರುದ್ಧವೇ.

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಬಸಪ್ಪ ಮಗಳನ್ನೂ ಸ್ಪೀಕರ್ ಪೆಟ್ಟಿಗೆಯನ್ನೂ ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದು, ತೊಯ್ದ ಟೊಪ್ಪಿಗೆ ಹಿಂಡುತ್ತ ಬಾಗಿಲಲ್ಲಿ ನಿಂತಿದ್ದರು. ಪರೀಕ್ಷಕರು ಬರುವುದು ಹನ್ನೆರಡಕ್ಕೆ. ಹತ್ತಕ್ಕೆ ಸುನಂದಾ ಸ್ವಿಚ್ ಒತ್ತಿದಳು. ಶಬ್ದವಿಲ್ಲ. ಬೆಸುಗೆಗಳೇನೋ ಹೊಸ ಲೋಟದಂತೆ ಹೊಳೆಯುತ್ತಿದ್ದವು.

ಆ ದಿನ ಬೋಧಕ ಬೋರ್ಡು ಮುಟ್ಟುವಂತಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೇಳುತ್ತ ಹೋದೆ, ಅವಳು ಮೀಟರ್ ಹಿಡಿದು ಹೇಳುತ್ತ ಹೋದಳು. ಹನ್ನೆರಡು ವೋಲ್ಟ್ ಬರುತ್ತಿತ್ತು. ಸ್ಪೀಕರಿಗೆ ಹತ್ತಿರದ ಕೊನೆಯ ಹಂತವನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿದರೆ ಟಕ್ ಎನ್ನುತ್ತಿತ್ತು. ಅಂದರೆ ಕೊನೆಯ ಅರ್ಧ ಜೀವಂತ. ಧ್ವನಿ ಒಳಬರುವ ಕಡೆಯ, ಮೂರು ಕಾಲಿನ ಮೊದಲ ಟ್ರಾನ್ಸಿಸ್ಟರನ್ನು ಮುಟ್ಟಿದರೆ ಗುಂಯ್ ಎನ್ನಬೇಕು. ಅಲ್ಲಿ ಏನೂ ಇಲ್ಲ. ಅದರ ಬೇಸ್ ಎಂಬ ಕಾಲಿನಲ್ಲಿ ಒಂದೂವರೆ ವೋಲ್ಟ್ ಇರಬೇಕಾದಲ್ಲಿ ಬರೀ ವೋಲ್ಟಿನ ಹತ್ತರಲ್ಲೊಂದು ಪಾಲು. ಟ್ರಾನ್ಸಿಸ್ಟರ್ ಸುಟ್ಟಿದೆಯೆಂದು ಬದಲಿಸಲು ಹೇಳಿದೆ. ಬದಲಿಸಿದಳು. ಅಷ್ಟೇ ವೋಲ್ಟ್. ಅಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ನನಗೆ ತಲೆ ಚಿಟ್ಟು ಹಿಡಿಯಿತು.

ಭೂತಗನ್ನಡಿ ತಂದು ಬಗ್ಗಿ ನೋಡಿದೆ. ಹೊಳೆಯುವ ಬೆಸುಗೆಗಳ ನಡುವೆ ಬಿಳಿ ಪೊರೆ, ಅಂಚಿನಲ್ಲಿ ಹಸಿರು. ಕೇಳುವ ಮೊದಲೇ ಬಾಗಿಲಲ್ಲಿದ್ದ ಬಸಪ್ಪ ಹೆಮ್ಮೆಯಿಂದ ಹೇಳಿದರು: “ನಾನ ಮಾಡಿದ್ದ್ರಿ ಸರ. ಹೊಳೀಬೇಕಂದ್ರಂತಲ್ಲ. ನಿನ್ನಿ ಎಲ್ಲಾ ಬೆಸಿಗೀಗೂ ನವಸಾಗರ ಹಚ್ಚಿ ಮತ್ತ ಕಾಸೀನಿ.”

ಕಲಾಯಿ ಹಾಕುವವರು ಕಾದ ಪಾತ್ರೆಗೆ ನವಸಾಗರ ಉಜ್ಜಿಯೇ ತವರ ಹಿಡಿಸುವುದು. ಆದರೆ ಅದು ಒಂದು ಬಗೆಯ ಉಪ್ಪು. ಮಳೆಗಾಲದ ಗಾಳಿಗೆ ತೇವ ಹೀರಿ, ಕೂಡಬಾರದ ಗೆರೆಗಳ ನಡುವೆ ಕರೆಂಟಿಗೆ ದಾರಿ ಮಾಡಿಕೊಟ್ಟಿತ್ತು. ಬೇಸ್ ಕಾಲಿಗೆ ಸೇರಬೇಕಾದ ವೋಲ್ಟ್ ಹಾದಿಯಲ್ಲೇ ಸೋರಿಹೋಗುತ್ತಿತ್ತು. ಸುನಂದಾ ತಂದೆಯ ಮುಖ ನೋಡಿದಳು, ಆಮೇಲೆ ನನ್ನ ಮುಖ.

ಸ್ಪಿರಿಟ್ ಹಚ್ಚಿ ಉಜ್ಜಲು ಹೇಳಿದೆ. ಪೊರೆ ಹರಡಿತೇ ಹೊರತು ಹೋಗಲಿಲ್ಲ. ಬಸಪ್ಪ ತಡೆಯಲಾರದೆ ಒಳಗೆ ಬಂದರು. “ಅದು ಎಣ್ಣಿಗೆ, ಸ್ಪಿರಿಟ್ಟಿಗೆ ಬಗ್ಗೂದಿಲ್ರಿ ಸರ. ಬಿಸಿ ನೀರಿಗೆ ಕರಗತೈತಿ. ನಾವು ಪಾತ್ರಿ ತೊಳ್ಯೂದು ಹಂಗ.”

ಸರ್ಕ್ಯೂಟಿಗೆ ನೀರು! ಒಂದು ಹನಿ ತಾಗಿಸಿದವರನ್ನೂ ಹನ್ನೊಂದು ವರ್ಷಗಳಿಂದ ಹೊರಗೆ ನಿಲ್ಲಿಸುತ್ತ ಬಂದವನು ನಾನು. ಬೇರೆ ದಾರಿ ಇರಲಿಲ್ಲ. ಎದುರಿನ ಚಹಾದಂಗಡಿಯಿಂದ ಬಸಪ್ಪನೇ ಬಿಸಿ ನೀರು ತಂದರು. ಸುನಂದಾ ಪ್ಲಗ್ ಕಿತ್ತು, ಹಲ್ಲುಜ್ಜುವ ಬ್ರಷ್ಷಿನಿಂದ ಮೂರು ಸಲ ತೊಳೆದಳು. ನೀರು ಹಾರಿಹೋಗಲೆಂದು ಸ್ಪಿರಿಟ್ ಸವರಿ, ನೂರು ವ್ಯಾಟಿನ ಬಲ್ಬಿನ ಕೆಳಗೆ ಬೋರ್ಡು ಒಣಗಿಸಿದಳು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮೊದಲ ಟ್ರಾನ್ಸಿಸ್ಟರನ್ನು ಮುಟ್ಟಿದಳು. ಗುಂಯ್ ಎಂದಿತು. ಬಸಪ್ಪ ಕಣ್ಣೊರೆಸಿಕೊಂಡು ಹೊರಗೆ ಹೋದರು.

ಪರೀಕ್ಷಕರು ಧಾರವಾಡದ ಕಡೆಯವರು, ಕಣ್ಣು ಚುರುಕು. ಧ್ವನಿ ಕೇಳಿ ತಲೆದೂಗಿದರು. ಬೋರ್ಡು ತಿರುಗಿಸಿ ಹಸಿರು ಕಲೆ ನೋಡಿದರು.

“ನವಸಾಗರ ಹಚ್ಚಿದವರು ಯಾರವಾ?”

“ನಾನ ಹಚ್ಚೀನ್ರಿ.”

“ರಾಳ ಬಿಟ್ಟು ಬ್ಯಾರೆ ಏನೂ ಹಚ್ಚಬಾರದಂತ ನಿಮ್ಮ ಸರ ಹೇಳಿರಲಿಲ್ಲೇನು?”

ಅವಳು ನನ್ನ ಕಡೆ ನೋಡಲಿಲ್ಲ. “ಹೇಳಿದ್ರು ರಿ. ನಾನ ಮರತೆ.”

ತಂದೆಯ ಹೆಸರು ಹೇಳಿದ್ದರೆ ಅವಳ ವರ್ಷ ಹೋಗುತ್ತಿತ್ತು. ಆ ಸುಳ್ಳಿಗೆ ನಾನು ಅಡ್ಡ ಬರುವಂತಿರಲಿಲ್ಲ, ಸರಿ. ಆದರೆ ಸರ್ ಹೇಳಿದ್ದರು ಎಂಬ ಎರಡನೆಯ ಸುಳ್ಳು ನನ್ನನ್ನು ಉಳಿಸಲು ಹೇಳಿದ್ದು. “ಇಲ್ಲರಿ, ನಾ ಹೇಳಿಲ್ಲ” ಎಂದರೆ ಸಾಕಿತ್ತು. ಕೆಲಸದ ಭಯವೋ, ಇಷ್ಟು ವರ್ಷದ ಮರ್ಯಾದೆಯೋ, ಬಾಯಿ ಏಳಲಿಲ್ಲ. ಹೇಳಿದ್ದನ್ನು ಮರೆತ ಅಸಡ್ಡೆಗೆಂದು ಪರೀಕ್ಷಕರು ಹದಿನೈದು ಅಂಕ ಕಳೆದರು.

ಪಾಸಾದಳು. ಆದರೆ ಕಾರ್ಖಾನೆಯವರು ಅಂಕ ನೋಡಿ ಕರೆಯುತ್ತಿದ್ದರು. ಮೊದಲ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮೂರು ತಿಂಗಳು ಬಸಪ್ಪ ವರನ ಕಡೆಯವರಿಗೆ ಇಂದು ನಾಳೆ ಎಂದು ಹೇಳಿ ಕಳಿಸಿದರು. ಸಂತೆಗೆ ಬಂದಾಗಲೆಲ್ಲ ವರ್ಕ್‌ಶಾಪಿನ ಬಾಗಿಲಿಗೆ ಬಂದು, ಕಾರ್ಖಾನೆ ಕಾಗದ ಬಂತೇನ್ರಿ ಎಂದು ಕೇಳುತ್ತಿದ್ದರು. ತಮ್ಮ ಕೈಯಿಂದಲೇ ಮಗಳ ಅಂಕ ಹೋಯಿತೆಂದು ಅವರು ನಂಬಿದ್ದರು; ನಾನು ಅದನ್ನೂ ತಿದ್ದಲಿಲ್ಲ. ಯಾರೋ ಒಬ್ಬ ಕೆಲಸ ಬಿಟ್ಟಿದ್ದರಿಂದ ದೀಪಾವಳಿಗೆ ನಾಲ್ಕು ದಿನವಿರುವಾಗ ಕಾಗದ ಬಂತು. ಬಸಪ್ಪ ನನ್ನ ಎರಡೂ ಕೈ ಹಿಡಿದು, “ನಿಮ್ಮಿಂದ ಆತ್ರಿ ಸರ” ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಿವೃತ್ತನಾಗುವವರೆಗೂ, ಎಷ್ಟೇ ದಣಿದಿರಲಿ, ಪಾಠದ ಹತ್ತೂ ವಾಕ್ಯಗಳನ್ನು ಹೇಳಿಯೇ ಬಸ್ಸು ಹತ್ತಿದೆ. ದನಿಯಿಲ್ಲದ ಬೋರ್ಡು ಯಾರು ತಂದರೂ, ನಾನು ಏನು ಹೇಳದೆ ಬಿಟ್ಟೆ ಎಂದು ಮೊದಲು ನನ್ನನ್ನೇ ಕೇಳಿಕೊಂಡೆ. ಪ್ರತಿ ವರ್ಷ ಹೊಸ ತಂಡಕ್ಕೆ ಈ ಘಟನೆಯನ್ನು ಹೇಳಿ, ತಪ್ಪು ನನ್ನದೆಂದು ಒಪ್ಪಿಕೊಳ್ಳುತ್ತಿದ್ದೆ. ಬಸಪ್ಪನಿಗೂ ಹೇಳಬೇಕೆಂದು ಕೊನೆಗೊಮ್ಮೆ ಅಕ್ಕೋಳಕ್ಕೆ ಹೋಗುವಷ್ಟರಲ್ಲಿ ಅವರು ತೀರಿಕೊಂಡು ಎಂಟು ದಿನಗಳಾಗಿದ್ದವು.