ಅರ್ಧಕ್ಕೆ ನಿಂತ ಕೆಂಪು ಹೊಲಿಗೆ

ಬೀಡಿ ಸೇದುವವನಿಗೆ ತಾನು ಬೀಡಿ ಸೇದುತ್ತಿರುವುದೇ ಗೊತ್ತಿರುವುದಿಲ್ಲ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗುತ್ತದೆ, ಕಡ್ಡಿ ಗೀರುತ್ತದೆ. ಹೊಗೆ ಕಣ್ಣಿಗೆ ಬಡಿದಾಗಲೇ ಯಜಮಾನನಿಗೆ ಸುದ್ದಿ. ಇದು ನನಗೆ ಹೊಳೆದದ್ದು ಬಲಗಾಲಿನ ಹೆಬ್ಬೆರಳು ಕಪ್ಪಾಗತೊಡಗಿದ ಮೇಲೆ.

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ, ಎಸ್.ಟಿ.ಡಿ. ಬೂತಿನ ಪಕ್ಕ ನನ್ನದೊಂದು ಟೈಲರ್ ಅಂಗಡಿ. ಮಿಷನ್ ತುಳಿದು ಬದುಕುವವನಿಗೆ ಕಾಲೇ ಅನ್ನ. ಚಾಮರಾಜನಗರದ ಡಾಕ್ಟರು ಬೆರಳನ್ನು ಒತ್ತಿ ನೋಡಿ, "ರಕ್ತ ಓಡ್ತಿಲ್ಲ. ಬೀಡಿ ಬಿಡದಿದ್ರೆ ಮುಂದಿನ ತಿಂಗಳು ಬೆರಳು ತೆಗೀಬೇಕಾಗುತ್ತೆ, ಆಮೇಲೆ ಪಾದ" ಎಂದರು. ಒಂದೇ ಸಲಕ್ಕೆ ಬಿಡಲಾರೆ ಎಂದು ಗೋಗರೆದೆ. "ಹಾಗಾದ್ರೆ ಪ್ರತಿ ಬೀಡಿ ಹಚ್ಚೋಕೆ ಮುಂಚೆ, ಕಣ್ಣಿಗೆ ಕಾಣೋ ಹಾಗೆ ಒಂದು ಗುರುತು ಹಾಕಪ್ಪ." ಚಿತ್ರಗುಪ್ತ ಕೂಡ ಪಾಪ ಮಾಡಿದ ಮೇಲೆ ಬರೆದುಕೊಳ್ಳುವವನು, ನನಗೆ ಮುಂಗಡವಾಗಿಯೇ ಬರೆದುಕೊಳ್ಳುವ ಶಿಕ್ಷೆ.

ಬರೆಯುವ ಬದಲು ಹೊಲಿದೆ. ಬೀಡಿಗೊಂದರಂತೆ, ಅಂಗಡಿಯಲ್ಲಿ ತೊಡುವ ಬಿಳಿ ಷರ್ಟಿನ ಎಡಗೈ ಪಟ್ಟಿಯ ಮೇಲೆ ಕೆಂಪು ದಾರದ ಒಂದು ಹೊಲಿಗೆ. ಮೈಮೇಲಿನ ಬಟ್ಟೆಗೆ ಸೂಜಿ ಹಾಕಬಾರದು ಎನ್ನುತ್ತಾರೆ. ಕಾಲೇ ಹೋಗುವಾಗ ಶಾಸ್ತ್ರ ಯಾರಿಗೆ ಬೇಕು? ಮೊದಮೊದಲು ಉಪಾಯ ಫಲಿಸಿತು. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಎಷ್ಟೋ ಸಲ ಚಪಲವೇ ಇಳಿಯುತ್ತಿತ್ತು. ಎದುರಿಗೇ ನಿಂತು ನೋಡುತ್ತಿದ್ದರೆ ಹಾಲು ಉಕ್ಕುವುದಿಲ್ಲವಲ್ಲ, ಹಾಗೆ.

ಆದರೆ ನಾನು ಟೈಲರ್. ಕೆಂಪು ಸಾಲು ಪಟ್ಟಿಯ ಮುಕ್ಕಾಲು ಸುತ್ತು ಬಂದು ನಿಂತಾಗ, ಉಳಿದ ಕಾಲುಭಾಗ ನನ್ನನ್ನು ಕೆಣಕತೊಡಗಿತು. ಬೇರೆಯವರ ಬಟ್ಟೆ ಕತ್ತರಿಸುವಾಗಲೂ ಕಣ್ಣು ಅಲ್ಲಿಗೇ. ಅರ್ಧಂಬರ್ಧ ಹೊಲಿಗೆಯನ್ನು ಈ ಕಸುಬಿನವನು ಹೇಗೆ ಸಹಿಸಿಯಾನು? ಹಾಗೆಂದು ಸೇದದೆ ಹೊಲಿದರೆ ಸುಳ್ಳು ಲೆಕ್ಕ; ನಾನೋ ಮಹಾ ಪ್ರಾಮಾಣಿಕ! ಒಂದು ಮಧ್ಯಾಹ್ನ, ಆಸೆಯೇ ಇಲ್ಲದಿದ್ದರೂ, ಸಾಲು ಮುಗಿಸಲೆಂದೇ ಬೀಡಿಯ ಮೇಲೆ ಬೀಡಿ ಹಚ್ಚುತ್ತಾ ಕುಳಿತೆ.

ಊಟದ ಡಬ್ಬಿ ತಂದ ಹೆಂಡತಿ ಸಾಕಮ್ಮ ನನ್ನ ಕೈಪಟ್ಟಿ ನೋಡಿದಳು, ಕಾಲಿನ ಬೆರಳು ನೋಡಿದಳು.

"ಅಂಗಿ ಚೆಂದಾಗ್ಲಿ ಅಂತ ಕಾಲ್ನೇ ಕೊಟ್ಬುಟ್ಟೀರಾ? ಆ ಸಾಲು ಅಲ್ಗೇ ನಿಂತ್ಕಳ್ಲಿ ಬುಡಿ. ನೀವು ನಡ್ಕಂಡು ಮನೆಗ್ ಬಂದ್ರೆ ಸಾಕು ನಂಗೆ."

ಡಾಕ್ಟರ ಎದುರು ಆಗದಿದ್ದ ಭಯ ನನಗೆ ಆಗ ಆಯಿತು. ಪೋಣಿಸಿದ್ದ ಸೂಜಿಯಿಂದ ದಾರ ಎಳೆದುಹಾಕಿದೆ, ಜೇಬಿನ ಬೀಡಿ ಕಟ್ಟನ್ನೂ ಎಸೆದೆ.

ಮುಂದಿನ ತಿಂಗಳು ಡಾಕ್ಟರು ಮತ್ತೆ ಬೆರಳು ಒತ್ತಿ ಹಿಡಿದು, ಬಿಟ್ಟರು. ಅದು ಬಿಳಿಚಿಕೊಂಡೇ ಇತ್ತು. ಸಾಕಮ್ಮ ನನ್ನ ಭುಜ ಹಿಡಿದಳು. ಆಮೇಲೆ, ನಿಧಾನವಾಗಿ, ಕೆಂಪು ಮರಳಿತು.

ಆ ಷರ್ಟನ್ನು ಈಗಲೂ ತೊಡುತ್ತೇನೆ. "ಏನ್ ಮಾಸ್ಟ್ರೇ, ನಿಮ್ ಅಂಗಿನೇ ಅರ್ಧಕ್ ಬುಟ್ಟಿದ್ದೀರಲ್ಲ?" ಎಂದು ಗಿರಾಕಿಗಳು ಛೇಡಿಸುತ್ತಾರೆ. ನನ್ನ ಕೈಯಿಂದ ಆದ ಅತ್ಯಂತ ಕಷ್ಟದ ಕೆಲಸ ಅದೇ ಎಂದು ಅವರಿಗೆ ಹೇಳುವುದಿಲ್ಲ. ನಕ್ಕು, ಎರಡೂ ಕಾಲಿನಿಂದ ಮಿಷನ್ ತುಳಿಯುತ್ತೇನೆ.